ಮೀನಾ ತಂಡ: ಹುಡುಗಿಯರಿಗೆ ದನಿ ಬಂದಿದೆ, ಹುಡುಗರನ್ನು ಹೊರಗೆ ಕಳಿಸಬೇಡಿ

ದಕ್ಷಿಣ ಏಷ್ಯಾದ ಹೆಣ್ಣುಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಯುನಿಸೆಫ್ 1990ರ ದಶಕದಲ್ಲಿ ರೂಪಿಸಿದ ಕಾರ್ಟೂನ್ ಹುಡುಗಿ ಮೀನಾಳ ಹೆಸರಿನಲ್ಲಿ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳ ತಂಡಗಳಿವೆ. ಚಿತ್ರದುರ್ಗ ಜಿಲ್ಲೆಯ ಹಳ್ಳಿಯೊಂದರ ಶಾಲೆಯಲ್ಲಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯಳಾಗಿ ಅಂಥ ತಂಡದ ಕೆಲಸವನ್ನು ಹತ್ತಿರದಿಂದ ನೋಡಿದ್ದೇನೆ.

ಸಭೆ ನಡೆಸುವವಳು ಏಳನೇ ತರಗತಿಯ ಹುಡುಗಿ. ಶಿಕ್ಷಕಿ ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂತಿರುತ್ತಾರೆ, ಮತ್ತು ಈ ಸುಮ್ಮನಿರುವಿಕೆಯೇ ತಂಡದ ಅರ್ಧ ಯಶಸ್ಸು ಎಂದು ನನಗೆ ಅನ್ನಿಸಿದೆ. ಸಹಪಾಠಿಯೊಬ್ಬಳು ಕೆಲವು ದಿನ ಶಾಲೆಗೆ ಬರದಿದ್ದರೆ ಇಬ್ಬರು ಮೂವರು ಅವಳ ಮನೆಗೇ ಹೋಗಿ ವಿಚಾರಿಸುತ್ತಾರೆ. ಮದುವೆಯ ಮಾತು ಕಿವಿಗೆ ಬಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು, ಹದಿನೆಂಟು ತುಂಬದ ಹುಡುಗಿಯ ಮದುವೆ ಬಾಲ್ಯವಿವಾಹ ನಿಷೇಧ ಕಾಯ್ದೆಯ 2016ರ ಕರ್ನಾಟಕ ತಿದ್ದುಪಡಿಯ ಪ್ರಕಾರ ಮೊದಲಿನಿಂದಲೇ ಅಸಿಂಧು ಎಂಬುದು ಅವರಿಗೆ ಬಾಯಿಪಾಠ. ಊರಿನ ಎಷ್ಟು ಹಿರಿಯರಿಗೆ ಇದು ಗೊತ್ತಿದೆಯೋ ಕಾಣೆ.

ಮೀನಾಳ ಕಥೆಯೊಂದರಲ್ಲಿ ಅವಳ ತಮ್ಮ ರಾಜುವಿಗೆ ಮಾವಿನಹಣ್ಣಿನ ದೊಡ್ಡ ಪಾಲು ಸಿಗುತ್ತದೆ. ಬಳಿಕ ಇಬ್ಬರೂ ಒಂದು ದಿನ ಮನೆಗೆಲಸ ಅದಲುಬದಲು ಮಾಡಿಕೊಳ್ಳುತ್ತಾರೆ. ಮಕ್ಕಳು ಅದನ್ನು ನಾಟಕವಾಡಿದ ಮೇಲೆ ತಂಡದ ನಾಯಕಿ ಎದ್ದು ನಿಂತು, "ಮಿಸ್, ಗಂಟೆ ಬಾರಿಸೋದು ಯಾವಾಗ್ಲೂ ಹುಡುಗರೇ, ಕಸ ಗುಡಿಸೋದು ಯಾವಾಗ್ಲೂ ನಾವೇ ಯಾಕೆ?" ಎಂದು ಕೇಳಿದಳು. ಮರುವಾರವೇ ಗೋಡೆಯ ಮೇಲಿನ ಪಾಳಿಪಟ್ಟಿ ಬದಲಾಯಿತು. ಹುಡುಗರು ಕಸವನ್ನೆಲ್ಲ ಮೂಲೆಗೆ ತಳ್ಳಿ ಕೈತೊಳೆದುಕೊಳ್ಳುತ್ತಾರೆ ಎಂಬ ದೂರು ಇನ್ನೂ ಇದೆ, ಆ ಮಾತು ಬೇರೆ.

ತಂಡ ಸೋಲುವುದು ಮುಟ್ಟಿನ ವಿಷಯದಲ್ಲಿ. ನಮ್ಮ ಕಡೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನು, ಬಾಣಂತಿಯರನ್ನು ಊರಾಚೆ ಇರಿಸುವ ಪದ್ಧತಿ ಪೂರ್ತಿ ಹೋಗಿಲ್ಲ. ಅವರಿಗಾಗಿ ಸರ್ಕಾರವೇ ಕೃಷ್ಣ ಕುಟೀರ ಎಂಬ ತಂಗುಮನೆಗಳನ್ನು ಕಟ್ಟಿಸಿದೆ. ಇಂಥ ನೆಲದಲ್ಲಿ, ಸರ್ಕಾರದ ಶುಚಿ ಯೋಜನೆಯ ಉಚಿತ ಪ್ಯಾಡ್ ಹಂಚುವ ಹೊತ್ತಿಗೆ ಹುಡುಗರನ್ನು ಆಟದ ಮೈದಾನಕ್ಕೆ ಅಟ್ಟಿ, ಕಿಟಕಿ ಮುಚ್ಚಿ, ಪೊಟ್ಟಣವನ್ನು ಹಳೇ ಪತ್ರಿಕೆಯಲ್ಲಿ ಸುತ್ತಿ ಕೊಟ್ಟರೆ, ಮೈಲಿಗೆಯ ಪಾಠವನ್ನು ಶಾಲೆಯೇ ಇನ್ನೊಮ್ಮೆ ಹೇಳಿಕೊಟ್ಟಂತಾಗುತ್ತದೆ. ನಾಳೆ ಮನೆಯಲ್ಲಿ ಅಕ್ಕತಂಗಿಯರನ್ನು, ಹೆಂಡತಿಯನ್ನು "ಮುಟ್ಟಬೇಡ" ಎನ್ನುವವರು ಈ ಹುಡುಗರೇ ಆಗಿರುವಾಗ, ಆ ಅರ್ಧ ಗಂಟೆ ಅವರು ಒಳಗೆ ಕೂರಬೇಕಿತ್ತು. ಜೊತೆಗೆ ಶೌಚಾಲಯಕ್ಕೆ ನೀರಿಲ್ಲ, ಬಳಸಿದ ಪ್ಯಾಡ್ ಹಾಕಲು ಬುಟ್ಟಿಯಿಲ್ಲ. ಆ ದಿನಗಳಲ್ಲಿ ಹುಡುಗಿಯರು ಮಧ್ಯಾಹ್ನವೇ ಮನೆಗೆ ಹೋಗುತ್ತಾರೆ.

ಇಷ್ಟಾದರೂ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಕಳೆದದ್ದು ಮುಚ್ಚಿದ ಆ ಕಿಟಕಿಗೆ. ಮಗಳನ್ನು ಆರನೇ ತರಗತಿಗೆ ಸೇರಿಸುವ ಪೋಷಕರು ತಂಡದ ಫೋಟೊ, ದಾಖಲೆ ಪುಸ್ತಕಗಳನ್ನು ನಂಬಿ ತೃಪ್ತರಾಗದೆ, ಒಂದು ಸಭೆಗೆ ಹೋಗಿ ಕೂತು, ಅಲ್ಲಿ ಹೆಚ್ಚು ಮಾತಾಡುವವರು ಶಿಕ್ಷಕರೋ ಹುಡುಗಿಯರೋ ಎಂದು ನೋಡಿಕೊಂಡು ಬರುವುದು ಒಳ್ಳೆಯದು.