ಲಾಬಿ ಬಾಗಿಲಿಗೆ ಯಾವ ಕಾರ್ಡ್ ರೀಡರ್? ಮೂರು ಥರ ಹಾಕಿ ನೋಡಿದ ಮೇಲೆ

ನಮ್ಮದು ಮೈಸೂರಿನಲ್ಲಿ 32 ಮನೆಗಳ ಅಪಾರ್ಟ್‌ಮೆಂಟ್. ಲಾಬಿ ಬಾಗಿಲಿಗೆ ಮೊದಲು ಮಾಮೂಲಿ ಬೀಗ ಇತ್ತು. ಮನೆಗೊಂದು ಕೀ ಅಂತ ಶುರುವಾಯಿತು. ಬಾಡಿಗೆಯವರು ಬಂದು ಹೋಗಿ, ಯಾರ ಹತ್ತಿರ ಎಷ್ಟು ಕೀ ಇದೆ ಅನ್ನೋದೇ ಕೊನೆಗೆ ಗೊತ್ತಿಲ್ಲದ ಹಾಗಾಯಿತು. ಕಾರ್ಡ್ ರೀಡರ್ ಹಾಕಿಸೋಣ ಅಂತ ಸಂಘದಲ್ಲಿ ತೀರ್ಮಾನವಾದಾಗ ಆ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡೆ. ಈ ಎರಡು ವರ್ಷದಲ್ಲಿ ಮೂರು ಥರದ ರೀಡರ್ ಹಾಕಿಸಿ, ಬಳಸಿ ನೋಡಿದ್ದೇವೆ. ನಿಮ್ಮ ಅಪಾರ್ಟ್‌ಮೆಂಟಿನಲ್ಲೂ ಇದೇ ಮಾತು ನಡೆಯುತ್ತಿದ್ದರೆ ದುಡ್ಡು ಕೊಡುವ ಮೊದಲು ಇದನ್ನು ಓದಿ.

ಮೊದಲು ತಂದದ್ದು ಅಗ್ಗದ್ದು. 125 ಕಿಲೋಹರ್ಟ್ಸ್‌ನ ರೇಡಿಯೋ ಅಲೆಯಲ್ಲಿ ಕೆಲಸ ಮಾಡುವ, ಮೇಲೆ ಕೀಪ್ಯಾಡ್ ಇರುವ ರೀಡರ್. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದರೆ ಬೇಕಾದಷ್ಟು ಸಿಗುತ್ತವೆ. ಹಾಕೋದು ಅರ್ಧ ದಿನದ ಕೆಲಸ. ಬಾಗಿಲು ತೆರೆಯುವ ರಿಲೇ, ಅಂದರೆ ಕರೆಂಟಿನಿಂದ ನಡೆಯುವ ಸ್ವಿಚ್, ರೀಡರ್ ಒಳಗೇ ಇರುತ್ತದೆ. 12 ವೋಲ್ಟ್ ಸಪ್ಲೈ, ಬಾಗಿಲ ಮೇಲಿನ ಮ್ಯಾಗ್ನೆಟ್ ಲಾಕ್, ಒಳಗಡೆಯ ಎಕ್ಸಿಟ್ ಸ್ವಿಚ್, ಮೂರನ್ನೂ ಅದಕ್ಕೇ ಜೋಡಿಸಿದರೆ ಮುಗಿಯಿತು. ಮಾಸ್ಟರ್ ಕೋಡ್ ಒತ್ತಿ ಕಾರ್ಡ್ ತೋರಿಸಬೇಕು, ಬೀಪ್ ಅಂದರೆ ಕಾರ್ಡ್ ಸೇರಿದ ಹಾಗೆ. ಒಂದು ವಿಷಯ: ಪೆಟ್ಟಿಗೆಯಲ್ಲಿ ಬರುವ ಮಾಸ್ಟರ್ ಕೋಡ್ 123456, 999999 ಈ ಥರದ್ದೇ ಇರುತ್ತದೆ. ಅವತ್ತೇ ಬದಲಾಯಿಸಿ.

ಮೂರು ತಿಂಗಳು ಚೆನ್ನಾಗಿತ್ತು. ಒಂದು ದಿನ ಮನೆಗೆಲಸಕ್ಕೆ ಬರುವವರು, "ಅಕ್ಕ, ಕಾರ್ಡ್ ಬಸ್ಸಲ್ಲಿ ಎಲ್ಲೋ ಬಿದ್ದೋಯ್ತು" ಅಂತ ಹೆದರಿಕೊಂಡೇ ಹೇಳಿದರು. ಆ ಕಾರ್ಡ್ ತೆಗೆದುಹಾಕಲು ಹೋದಾಗಲೇ ನಮ್ಮ ತಪ್ಪು ಗೊತ್ತಾಗಿದ್ದು. ಇಂಥ ರೀಡರಿನಲ್ಲಿ ಒಂದು ಕಾರ್ಡ್ ಅಳಿಸಬೇಕಾದರೆ ಆ ಕಾರ್ಡೇ ಕೈಯಲ್ಲಿರಬೇಕು, ಇಲ್ಲವೇ ಅದರ ನಂಬರ್ ಗೊತ್ತಿರಬೇಕು. ನಾವು ಎಪ್ಪತ್ತು ಚಿಲ್ಲರೆ ಕಾರ್ಡ್‌ಗಳನ್ನು ಸಾಲಾಗಿ ತೋರಿಸುತ್ತಾ ಹೋಗಿದ್ದೆವು, ಒಂದನ್ನೂ ಬರೆದಿಟ್ಟಿರಲಿಲ್ಲ. ಎಲ್ಲವನ್ನೂ ಅಳಿಸಿ, ಭಾನುವಾರ ಬೆಳಗ್ಗೆ ಮನೆಮನೆಯಿಂದ ಕಾರ್ಡ್ ತರಿಸಿ, ಮತ್ತೆ ಮೊದಲಿಂದ ಸೇರಿಸಿದೆವು.

ಅವತ್ತು ಕಾರ್ಡಿನ ಮೇಲಿನ ಸಣ್ಣ ಅಂಕಿಗಳನ್ನು ಮೊದಲ ಸಲ ಸರಿಯಾಗಿ ನೋಡಿದೆ. ಒಂದರ ಮೇಲೆ 0007654321 ಅಂತ ಇದೆ, ಪಕ್ಕದಲ್ಲಿ 116,52145 ಅಂತ ಇದೆ ಅಂದುಕೊಳ್ಳಿ. ಎರಡೂ ಒಂದೇ ನಂಬರ್. 116ನ್ನು 65536ರಿಂದ ಗುಣಿಸಿ 52145 ಕೂಡಿಸಿ ನೋಡಿ, 7654321 ಬರುತ್ತದೆ. ಮುಂದೆ ಕಂಟ್ರೋಲರ್, ಅಂದರೆ ಕಾರ್ಡ್ ನಂಬರ್ ನೋಡಿ ಬಾಗಿಲು ತೆರೆಯಬೇಕಾ ಅಂತ ತೀರ್ಮಾನಿಸುವ ಪೆಟ್ಟಿಗೆ, ಹಾಕಿದಾಗ ಈ ಲೆಕ್ಕ ತುಂಬಾ ಉಪಯೋಗಕ್ಕೆ ಬಂತು. ಅದು ಒಂದು ನಂಬರ್ ತೋರಿಸುತ್ತದೆ, ಕಾರ್ಡಿನ ಮೇಲೆ ಇನ್ನೊಂದು ಇರುತ್ತದೆ, ಕಾರ್ಡೇ ಕೆಟ್ಟಿದೆ ಅಂತ ಎಷ್ಟೋ ಜನ ವಾಪಸ್ ಕೊಡುತ್ತಾರೆ.

125ರ ಕಾರ್ಡಿಗೆ ಇನ್ನೊಂದು ದೊಡ್ಡ ಕೊರತೆ ಇದೆ. ಅದರಲ್ಲಿರುವುದು ಬರೀ 40 ಬಿಟ್ ನಂಬರ್. ಯಾವ ರೀಡರ್ ಕೇಳಿದರೂ ಅದನ್ನು ಹೇಳಿಬಿಡುತ್ತದೆ, ಗುಟ್ಟು ಅನ್ನೋದೇ ಇಲ್ಲ. ಪರೀಕ್ಷೆ ಮಾಡಿ ನೋಡೋಣ ಅಂತ ಕೀ ಮಾಡುವ ಅಂಗಡಿಯಲ್ಲಿ ನನ್ನ ಕಾರ್ಡ್ ಕೊಟ್ಟೆ. ಕೈಯಲ್ಲಿ ಹಿಡಿಯುವ ಒಂದು ಮಷೀನ್ ಮೇಲೆ ಇಟ್ಟರು, ಒಂದು ಬಟನ್ ಒತ್ತಿದರು, ಬೇರೆ ಬಿಲ್ಲೆ ಇಟ್ಟು ಇನ್ನೊಂದು ಬಟನ್ ಒತ್ತಿದರು. ಒಂದು ನಿಮಿಷವೂ ಆಗಿರಲಿಲ್ಲ. ಆ ಬಿಲ್ಲೆಗೆ ನಮ್ಮ ಬಾಗಿಲು ತೆರೆಯಿತು.

ಆದರೆ ನನಗೆ ನಿಜವಾಗಿ ಭಯ ಹುಟ್ಟಿಸಿದ್ದು ಕಾರ್ಡ್ ಅಲ್ಲ. ನಮ್ಮ ಎಲೆಕ್ಟ್ರಿಷಿಯನ್ ಹೊರಗಿನ ರೀಡರನ್ನು ಗೋಡೆಯಿಂದ ಬಿಚ್ಚಿ, ಹಿಂದಿನ ಎರಡು ವೈರ್ ತುದಿಗಳನ್ನು ಒಂದಕ್ಕೊಂದು ತಾಗಿಸಿದರು. ಟಕ್ ಅಂತ ಲಾಕ್ ಬಿಟ್ಟುಕೊಂಡಿತು. "ನೋಡಿ ಮೇಡಂ, ಕಾರ್ಡೇ ಬೇಡ." ಎಕ್ಸಿಟ್ ಸ್ವಿಚ್ಚಿನ ವೈರ್ ಬಾಗಿಲ ಹೊರಗೇ ಬಂದಿತ್ತು. ಕಾರ್ಡ್ ಯಾವುದು ಅಂತ ತಿಂಗಳುಗಟ್ಟಲೆ ಚರ್ಚೆ ಮಾಡಿದ್ದೆವು. ಬಾಗಿಲು ತೆರೆಯುವ ವೈರ್ ಎಲ್ಲಿದೆ ಅಂತ ಒಬ್ಬರೂ ಕೇಳಿರಲಿಲ್ಲ.

ಹಾಗಾಗಿ ಎರಡನೇ ಸಲ ರೀಡರ್ ಬೇರೆ, ಕಂಟ್ರೋಲರ್ ಬೇರೆ ಇರುವುದನ್ನೇ ತಂದೆವು. ರೀಡರ್ 13.56 ಮೆಗಾಹರ್ಟ್ಸ್‌ನದು. ಹೊರಗಿನ ಗೋಡೆಗೆ ಬರುವುದು ಅದೊಂದೇ. ಕೆಂಪು, ಕಪ್ಪು ವೈರ್ ಕರೆಂಟಿಗೆ, ಹಸಿರು, ಬಿಳಿ ವೈರ್ ಕಾರ್ಡ್ ನಂಬರಿಗೆ. ಇದನ್ನು ವೀಗಂಡ್ ಅನ್ನುತ್ತಾರೆ, 150 ಮೀಟರ್‌ವರೆಗೂ ಎಳೆಯಬಹುದು. ಕಂಟ್ರೋಲರ್, ರಿಲೇ, ಬ್ಯಾಟರಿ ಎಲ್ಲ ಒಳಗಡೆ ಮೀಟರ್ ರೂಮಿನಲ್ಲಿ ಬೀಗದೊಳಗೆ. ಹೊರಗಿನ ರೀಡರನ್ನು ಕಿತ್ತು ಎಕ್ಸಿಟ್ ಸ್ವಿಚ್ಚಿನ ವೈರ್ ತಾಗಿಸಿ ಲಾಕ್ ಬಿಡಿಸುವ ಆಟ ಈಗ ನಡೆಯುವುದಿಲ್ಲ.

ಕಾರ್ಡ್ ಕೊಳ್ಳುವಾಗ ಇಲ್ಲಿ ಹುಷಾರಾಗಿರಬೇಕು. "13.56 ಅಂದ್ರೆ ಸೇಫ್ ಮೇಡಂ" ಅಂತ ಅಂಗಡಿಯವರು ಹೇಳುತ್ತಾರೆ. ಅದು ಅರ್ಧ ಸತ್ಯ. ಇದರಲ್ಲಿ ಜಾಸ್ತಿ ಮಾರಾಟವಾಗುವ ಮೈಫೇರ್ ಕ್ಲಾಸಿಕ್ ಕಾರ್ಡಿನಲ್ಲಿ 48 ಬಿಟ್ ಕೀ, ಅಂದರೆ ಒಂದು ಗುಪ್ತ ಸಂಖ್ಯೆ, ಇದೆ. ಅದರ ರಕ್ಷಣೆಯನ್ನು ಮುರಿಯಬಹುದು ಅಂತ ನೆದರ್‌ಲೆಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದವರು 2008ರಲ್ಲೇ ತೋರಿಸಿದ್ದಾರೆ. ಅದಕ್ಕಿಂತ ಮುಖ್ಯವಾದದ್ದು, ಅಗ್ಗದ ರೀಡರ್‌ಗಳು ಆ ಕೀಯನ್ನು ಬಳಸುವುದೇ ಇಲ್ಲ. ಯಾರು ಕೇಳಿದರೂ ಕಾರ್ಡ್ ಹೇಳಿಬಿಡುವ ನಂಬರ್ ಮಾತ್ರ ಓದುತ್ತವೆ. ನಮ್ಮಲ್ಲಿ ಮೊದಲ ವಾರ ರೀಡರ್ ಹಾಗೇ ಇತ್ತು. ಬ್ಯಾಂಕಿನ ಟ್ಯಾಪ್ ಕಾರ್ಡ್ ಇಟ್ಟರೂ ಬೀಪ್ ಅನ್ನುತ್ತಿತ್ತು, ಫೋನ್ ಇಟ್ಟರೂ ಬೀಪ್. ಫೋನನ್ನೇ ಕಾರ್ಡ್ ಮಾಡಿಕೊಡಿ ಅಂತ ಹುಡುಗರು ಕೇಳಿದರು. ಮಾಡಿ ನೋಡಿದೆವು, ಆಗಲಿಲ್ಲ. ಫೋನ್ ಒಂದೊಂದು ಸಲ ಒಂದೊಂದು ನಂಬರ್ ಕೊಡುತ್ತಿತ್ತು. ಕೊನೆಗೆ ಡೆಸ್‌ಫೈರ್ ಅನ್ನುವ ಇನ್ನೊಂದು ಥರದ ಕಾರ್ಡಿಗೆ ಹೋದೆವು. ಅದರಲ್ಲಿ ಎಇಎಸ್ ಅನ್ನುವ ಗೂಢಲಿಪಿಯ 128 ಬಿಟ್ ಕೀ ಇರುತ್ತದೆ, ರೀಡರ್ ಮತ್ತು ಕಾರ್ಡ್ ಒಂದನ್ನೊಂದು ಪರೀಕ್ಷಿಸಿಕೊಂಡ ಮೇಲೆಯೇ ನಂಬರ್ ಹೊರಬರುತ್ತದೆ. ಕಾರ್ಡಿನ ಬೆಲೆ ಹಳೆಯದಕ್ಕಿಂತ ಹಲವು ಪಟ್ಟು ಜಾಸ್ತಿ. ಅಂಗಡಿಯಲ್ಲಿ ಒಂದೇ ಪ್ರಶ್ನೆ ಕೇಳಿ: ಈ ರೀಡರ್ ಕಾರ್ಡಿನ ಒಳಗಿನ ಮಾಹಿತಿಯನ್ನು ಕೀ ಹಾಕಿ ಓದುತ್ತಾ, ಸುಮ್ನೆ ಯಾರಿಗೂ ಹೇಳಿಬಿಡುವ ನಂಬರ್ ಓದುತ್ತಾ?

ಸುಲಭದಲ್ಲಿ ಮಾತ್ರ 125 ಮುಂದೆ. ನಮ್ಮ ಬಾಗಿಲಿನ ಚೌಕಟ್ಟು ಅಲ್ಯೂಮಿನಿಯಂ. ಲೋಹದ ಮೇಲೆ ಕೂತಾಗ ಎರಡೂ ರೀಡರ್‌ಗಳ ಶಕ್ತಿ ಕುಂದಿತು, ಆದರೆ 13.56ರದು ತುಂಬಾ ಕುಂದಿತು. ಎರಡನೇ ಮಹಡಿಯ ಅಜ್ಜಿ ಒಂದು ಕೈಯಲ್ಲಿ ತರಕಾರಿ ಚೀಲ ಹಿಡಿದು, ಇನ್ನೊಂದು ಕೈಯಿಂದ ಕಾರ್ಡನ್ನು ರೀಡರಿಗೆ ಒತ್ತಿ ಒತ್ತಿ ಸಾಕಾಗಿ, ಸೆಕ್ಯುರಿಟಿಯವರನ್ನು ಕೂಗುತ್ತಿದ್ದರು. ನೋಡಿ ಬೇಜಾರಾಯಿತು. ರೀಡರ್ ಹಿಂದೆ ಒಂದು ಸೆಂಟಿಮೀಟರ್ ದಪ್ಪದ ಮರದ ತುಂಡು ಕೊಟ್ಟು ಕೂರಿಸಿದ ಮೇಲೆ ಕಾರ್ಡನ್ನು ಮೂರು ಬೆರಳು ದೂರದಿಂದಲೇ ಓದತೊಡಗಿತು.

ರೀಡರ್ ಯಾವುದೇ ಆಗಲಿ, ಲಾಕಿನ ವೈರಿನ ಬಗ್ಗೆ ಹೇಳಲೇಬೇಕು. ನಮ್ಮ ಮ್ಯಾಗ್ನೆಟ್ ಲಾಕ್ 600 ಪೌಂಡಿನದು, ಅಂದರೆ ಸುಮಾರು 270 ಕೆಜಿ ಎಳೆತ ತಡೆಯಬೇಕು. ಬಲವಾಗಿ ಎಳೆದರೆ ಬಾಗಿಲು ಬಿಟ್ಟುಕೊಳ್ಳುತ್ತಿತ್ತು. ಲಾಕನ್ನೇ ಬದಲಾಯಿಸಿ ಅಂತ ಮೊದಲು ಹಾಕಿಕೊಟ್ಟವರು ಹೇಳಿದರು. ನಾನು ಮಲ್ಟಿಮೀಟರ್ ಇಟ್ಟು ನೋಡಿದೆ. ಸಪ್ಲೈ ಹತ್ತಿರ 12 ವೋಲ್ಟ್, ಲಾಕ್ ಹತ್ತಿರ ಹತ್ತೂವರೆ. 20 ಮೀಟರ್ ದೂರಕ್ಕೆ ಕಂಪ್ಯೂಟರ್ ನೆಟ್‌ವರ್ಕಿನ ಸಣ್ಣ ವೈರ್ ಎಳೆದಿದ್ದರು. ಅರ್ಧ ಆಂಪಿಯರ್ ಹೋಗಿ ಬರುವಾಗ ಒಂದೂವರೆ ವೋಲ್ಟ್ ದಾರಿಯಲ್ಲೇ ಕರಗುತ್ತಿತ್ತು. ಒಂದು ಚದರ ಮಿಲಿಮೀಟರ್‌ನ ತಾಮ್ರದ ವೈರ್ ಹಾಕಿದ ಮೇಲೆ ಅದೇ ಲಾಕ್ ಗಟ್ಟಿಯಾಗಿ ಹಿಡಿಯಿತು. ಲಾಕಿನ ಎರಡು ತುದಿಗೆ ಅಡ್ಡವಾಗಿ ಒಂದು 1ಎನ್4007 ಡಯೋಡ್ ಕೂಡ ಹಾಕಿಸಿ. ಲಾಕ್ ಆಫ್ ಆಗುವಾಗ ಹಠಾತ್ತನೆ ಏರುವ ವೋಲ್ಟೇಜ್ ರಿಲೇಯನ್ನು ತಿಂದುಹಾಕುತ್ತದೆ, ಡಯೋಡಿಗೆ ಕೆಲವೇ ರೂಪಾಯಿ.

ಕರೆಂಟ್ ಹೋದರೆ ಮ್ಯಾಗ್ನೆಟ್ ಲಾಕ್ ತೆರೆದುಕೊಳ್ಳುತ್ತದೆ. 7 ಆಂಪಿಯರ್ ಅವರ್‌ನ ಬ್ಯಾಟರಿ ಇಟ್ಟಿದ್ದೇವೆ, ಆರೇಳು ಗಂಟೆ ಬರುತ್ತದೆ. ಎಕ್ಸಿಟ್ ಸ್ವಿಚ್ ಕಂಟ್ರೋಲರಿಗೆ ಸೂಚನೆ ಕೊಟ್ಟರೆ ಸಾಲದು, ಲಾಕಿಗೆ ಹೋಗುವ ಕರೆಂಟನ್ನೇ ನೇರವಾಗಿ ಕತ್ತರಿಸಬೇಕು. ಬೆಂಕಿ ಹೊತ್ತಿಕೊಂಡ ದಿನ ಕಂಟ್ರೋಲರ್ ಹ್ಯಾಂಗ್ ಆಗಿದ್ದರೆ ಒಳಗಿರುವವರು ಏನು ಮಾಡಬೇಕು? ಇದಕ್ಕೆ ಖರ್ಚು ಜಾಸ್ತಿ ಆಗುತ್ತದೆ ಅಂತ ಯಾರೇ ಹೇಳಿದರೂ ಒಪ್ಪಬೇಡಿ.

ಮೂರನೆಯದು ಕಾರ್ ಗೇಟಿಗೆ ಹಾಕಿದ, ದೂರದಿಂದ ಓದುವ ಯುಎಚ್ಎಫ್ ರೀಡರ್. ಫಾಸ್ಟ್ಯಾಗ್ ಓದುವುದೂ ಇದೇ, 865ರಿಂದ 867 ಮೆಗಾಹರ್ಟ್ಸ್. 2021ರ ಫೆಬ್ರುವರಿಯಿಂದ ಹೆದ್ದಾರಿ ಟೋಲ್‌ಗಳಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಗಿರುವುದರಿಂದ ನಮ್ಮ ಕಾರುಗಳಿಗೆಲ್ಲ ಸ್ಟಿಕ್ಕರ್ ಆಗಲೇ ಇತ್ತು. "ಗೇಟ್ ದಾಟಿದಾಗಲೆಲ್ಲ ದುಡ್ಡು ಕಟ್ ಆಗುತ್ತಾ?" ಅಂತ ಹಲವರು ಕೇಳಿದರು. ಆಗಲ್ಲ, ಗೇಟಿನ ರೀಡರ್ ನಂಬರ್ ಮಾತ್ರ ಓದುತ್ತದೆ. ಕಾರಿಗೆ ಇದು ಬಲು ಚೆಂದ. ಮಳೆಯಲ್ಲಿ ಗಾಜು ಇಳಿಸೋ ಕಷ್ಟ ಇಲ್ಲ. ಆದರೆ ಶುರುವಿನಲ್ಲಿ ಶಕ್ತಿ ಜಾಸ್ತಿ ಇಟ್ಟಿದ್ದೆವು. ಎದುರು ರಸ್ತೆಯಲ್ಲಿ ನಿಲ್ಲಿಸಿದ್ದ ನಮ್ಮವರದೇ ಕಾರಿನ ಸ್ಟಿಕ್ಕರ್ ಓದಿ ಗೇಟ್ ತಾನಾಗಿಯೇ ಏಳುತ್ತಿತ್ತು. ಆಂಟೆನಾವನ್ನು ಕೆಳಗೆ ಬಾಗಿಸಿ, ಶಕ್ತಿ ಇಳಿಸಿ, ನಾಲ್ಕು ಮೀಟರಿಗೆ ತಂದು ನಿಲ್ಲಿಸಿದೆವು. ಸ್ಕೂಟರ್, ಬೈಕಿನವರಿಗೆ ಈಗಲೂ ಕಾರ್ಡೇ.

ಲಾಬಿಗೂ ಇದನ್ನೇ ಹಾಕಿದರೆ ಕಾರ್ಡ್ ತೋರಿಸೋ ಕೆಲಸವೇ ಇರಲ್ಲ ಅಲ್ವಾ ಅಂತ ಒಂದು ಶನಿವಾರ ಅಲ್ಲಿಟ್ಟು ನೋಡಿದೆವು. ಪ್ಯಾಂಟ್ ಜೇಬಿನಲ್ಲಿ ಮೈಗೆ ಅಂಟಿದ್ದ ಕಾರ್ಡನ್ನು ಓದಲೇ ಇಲ್ಲ. ನಮ್ಮ ಮೈಯಲ್ಲಿರುವ ನೀರು ಈ ಅಲೆಯನ್ನು ಹೀರಿಕೊಳ್ಳುತ್ತದೆ. ಬಾಗಿಲ ಮುಂದೆ ಸುಮ್ನೆ ಹಾದುಹೋದವರ ಬ್ಯಾಗಿನಲ್ಲಿದ್ದ ಕಾರ್ಡನ್ನು ಓದಿ ಲಾಕ್ ಬಿಟ್ಟಿತು. ಮಧ್ಯಾಹ್ನದೊಳಗೆ ಬಿಚ್ಚಿಟ್ಟೆವು.

ಈಗ ಕಾರ್ ಗೇಟಿಗೆ ಯುಎಚ್ಎಫ್, ಲಾಬಿಗೆ 13.56. ಹಳೆಯ 125ರ ರೀಡರನ್ನು ಏಣಿ, ನೀರಿನ ಪೈಪ್ ಇಡುವ ಕೋಣೆಗೆ ಹಾಕಿದ್ದೇವೆ, ಅಲ್ಲಿಗೆ ಅದು ಸಾಕು. ಹೋದ ತಿಂಗಳು ಮನೆಗೆಲಸಕ್ಕೆ ಬರುವ ಮತ್ತೊಬ್ಬರ ಕಾರ್ಡ್ ಕಳೆಯಿತು. ಪಟ್ಟಿಯಲ್ಲಿ ಹೆಸರು ಹುಡುಕಿ ಆ ಒಂದು ನಂಬರ್ ತೆಗೆದು, ಹೊಸದು ಕೊಟ್ಟೆ. ಅವರು ಸಂಜೆಯ ಕೆಲಸಕ್ಕೆ ಬರುವಾಗ ತಮ್ಮದೇ ಕಾರ್ಡ್ ತೋರಿಸಿ ಒಳಗೆ ಬಂದರು.