ನರ್ಸಿಂಗ್ ಓದುವವರಿಗೆ ಕಾರವಾರದ ಈ ಜೆರಾಕ್ಸ್ ಅಂಗಡಿ

ಗ್ರೀನ್ ಸ್ಟ್ರೀಟ್‌ನ ಒಂದು ಅಡ್ಡರಸ್ತೆಯಲ್ಲಿದೆ. ಬೋರ್ಡಿನ ಮೇಲೆ ಹೆಸರಿಲ್ಲ, 'ಜೆರಾಕ್ಸ್, ಲ್ಯಾಮಿನೇಷನ್, ಸ್ಪೈರಲ್ ಬೈಂಡಿಂಗ್' ಅಂತ ಅಷ್ಟೇ ಇದೆ. ನನ್ನ ಸ್ಟಡಿ ಶೀಟ್‌ಗಳನ್ನೆಲ್ಲ ಇಲ್ಲೇ ಮಾಡಿಸುತ್ತೇನೆ. ಎಲ್ಲಿ ಮಾಡಿಸಿದ್ದು ಅಂತ ಜೂನಿಯರ್‌ಗಳು ಕೇಳುತ್ತಲೇ ಇರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಎ4 ಹಾಳೆಗೆ ಮಧ್ಯ ಗೆರೆ ಎಳೆದು ಎಡಗಡೆ ಪ್ರಶ್ನೆ, ಬಲಗಡೆ ಉತ್ತರ ಬರೆಯುತ್ತೇನೆ. ಹೃದಯದ ಔಷಧಿ ಡಿಗಾಕ್ಸಿನ್‌ನ ಶೀಟನ್ನೇ ತಗೊಳ್ಳಿ. ಎಡಗಡೆ, 'ಕೊಡುವ ಮುಂಚೆ ಏನು ನೋಡಬೇಕು?' ಬಲಗಡೆ, 'ಏಪಿಕಲ್ ಪಲ್ಸ್ (ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಎಣಿಸುವ ಹೃದಯ ಬಡಿತ), ಪೂರ್ತಿ 1 ನಿಮಿಷ. ದೊಡ್ಡವರಲ್ಲಿ 60ಕ್ಕಿಂತ ಕಡಿಮೆ ಇದ್ದರೆ ಕೊಡಬಾರದು, ಡಾಕ್ಟರಿಗೆ ತಿಳಿಸಬೇಕು.' ಅದರ ಕೆಳಗೆ, 'ಫ್ಯೂರೋಸೆಮೈಡ್ (ಮೂತ್ರ ಹೆಚ್ಚಿಸುವ ಔಷಧಿ) ಕೂಡ ನಡೆಯುತ್ತಿದ್ದರೆ?' ಉತ್ತರ, 'ರಕ್ತದ ಪೊಟ್ಯಾಸಿಯಂ ನೋಡು. 3.5ರಿಂದ 5 ಇರಬೇಕು. ಫ್ಯೂರೋಸೆಮೈಡ್ ಅದನ್ನು ಇಳಿಸುತ್ತದೆ, ಇಳಿದರೆ ಡಿಗಾಕ್ಸಿನ್ ಟಾಕ್ಸಿಸಿಟಿ (ಔಷಧಿಯೇ ವಿಷವಾಗುವುದು) ಬೇಗ. ಅದರ ಲಕ್ಷಣ: ವಾಕರಿಕೆ, ಊಟ ಬೇಡ ಅನ್ನುವುದು, ಕಣ್ಣಿಗೆ ಹಳದಿ ಹಸಿರು ಕಾಣುವುದು.' ಪುಸ್ತಕದಲ್ಲಿ ಇವೆರಡು ಔಷಧಿ ಬೇರೆ ಬೇರೆ ಕಡೆ ಇರುತ್ತವೆ. ವಾರ್ಡಿನಲ್ಲಿ ಒಬ್ಬರೇ ಪೇಷೆಂಟಿನ ಚಾರ್ಟಿನಲ್ಲಿ ಒಟ್ಟಿಗೆ ಬರುತ್ತವೆ. ಶೀಟ್ ಬರೆಯುವುದೇ ಅದಕ್ಕೆ, ಅಲ್ವಾ?

ಅಂಗಡಿಯ ಅಣ್ಣ ಇದಕ್ಕೆ ಎರಡು ಕಾಪಿ ತೆಗೆದುಕೊಡುತ್ತಾರೆ. ಒಂದು ಪೂರ್ತಿ. ಇನ್ನೊಂದಕ್ಕೆ ಗಾಜಿನ ಮೇಲೆ ಹಾಳೆ ಇಡುವಾಗ ಉತ್ತರದ ಭಾಗಕ್ಕೆ ಬಿಳಿ ಪಟ್ಟಿ ಅಡ್ಡ ಇಡುತ್ತಾರೆ, ಅಲ್ಲಿ ಖಾಲಿ ಬರುತ್ತದೆ. ಪಟ್ಟಿ ಒಂದು ಚೂರು ಸರಿದರೂ ಮತ್ತೆ ತೆಗೆಯುತ್ತಾರೆ, ಅದಕ್ಕೆ ದುಡ್ಡು ತಗೊಳ್ಳುವುದಿಲ್ಲ. ಎರಡನ್ನೂ ಬೆನ್ನಿಗೆ ಬೆನ್ನು ಕೊಟ್ಟು ಲ್ಯಾಮಿನೇಷನ್ ಮಾಡಿದರೆ ಮುಗಿಯಿತು. ಖಾಲಿ ಕಡೆ ವೈಟ್‌ಬೋರ್ಡ್ ಮಾರ್ಕರ್‌ನಿಂದ ಉತ್ತರ ಬರೆಯುತ್ತೇನೆ, ತಿರುಗಿಸಿ ತಾಳೆ ನೋಡುತ್ತೇನೆ, ಬಟ್ಟೆಯಲ್ಲಿ ಒರೆಸುತ್ತೇನೆ. ನಾಲ್ಕು ಸಲ ಸುಮ್ನೆ ಓದುವುದಕ್ಕಿಂತ ಒಂದು ಸಲ ನೋಡದೆ ಬರೆಯುವುದರಲ್ಲಿ ಜಾಸ್ತಿ ತಲೆಗೆ ಹತ್ತುತ್ತದೆ.

ಡ್ರಿಪ್ ಲೆಕ್ಕಕ್ಕಂತೂ ಇದು ಬೇಕೇ ಬೇಕು. 500 ಎಂಎಲ್, 4 ಗಂಟೆ, ಎಂಎಲ್‌ಗೆ 20 ಹನಿ ಬೀಳುವ ಡ್ರಿಪ್ ಸೆಟ್. 500ನ್ನು 20ರಿಂದ ಗುಣಿಸಿ 240 ನಿಮಿಷದಿಂದ ಭಾಗಿಸಿದರೆ ನಿಮಿಷಕ್ಕೆ ಹತ್ತಿರ ಹತ್ತಿರ 42 ಹನಿ. ಒರೆಸಿ, ಸಣ್ಣ ಹನಿಯ ಮೈಕ್ರೋ ಸೆಟ್‌ನ ಎಂಎಲ್‌ಗೆ 60 ಹನಿ ಹಾಕಿ ಮತ್ತೆ ಮಾಡಬಹುದು.

ಈ ಅಣ್ಣನ ಮೇಲೆ ನನಗೆ ನಂಬಿಕೆ ಬಂದಿದ್ದು ಇಸಿಜಿ ಶೀಟ್ ಮಾಡಿಸುವಾಗ. ಪ್ರಾಕ್ಟಿಕಲ್‌ನಲ್ಲಿ ಗೆಳತಿಯದೇ ಇಸಿಜಿ ತೆಗೆದಿದ್ದೆವು, ಆ ಪಟ್ಟಿ ಕೊಟ್ಟೆ. ಅವರು ಉಗುರಿನಿಂದ ಅದರ ಮೂಲೆಯಲ್ಲಿ ಗೀರಿದರು, ಕಪ್ಪು ಗೆರೆ ಬಂತು. 'ತಂಗಿ, ಇದು ಶಾಖಕ್ಕೆ ಕಪ್ಪಾಗುವ ಕಾಗದ, ಲ್ಯಾಮಿನೇಷನ್ ಮಷೀನಿಗೆ ಹಾಕಿದರೆ ಪೂರ್ತಿ ಹೋಗುತ್ತದೆ. ಮೊದಲು ಜೆರಾಕ್ಸ್ ತೆಗೆಯೋಣ' ಅಂದರು. ಸಣ್ಣ ಚೌಕಗಳೆಲ್ಲ ಎಣಿಸುವ ಹಾಗೆ ಬಂದಿವೆ. ಒಂದೊಂದು 0.04 ಸೆಕೆಂಡ್, ಎಣಿಸಲಾಗದಿದ್ದರೆ ಆ ಶೀಟ್ ಇಟ್ಟುಕೊಂಡು ಏನು ಮಾಡುವುದು?

ಲ್ಯಾಮಿನೇಷನ್ ದಪ್ಪದ್ದನ್ನೇ ಕೇಳಿ. ತೆಳ್ಳಗಿನದು ಅಗ್ಗ, ಆದರೆ ಅಂಚು ಬೇಗ ಬಿಡುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಅಂಚು ಬಿಟ್ಟರೆ ಒಳಗೆ ತೇವ ಹೋಗಿ ಕಾಗದ ಉಬ್ಬುತ್ತದೆ. ಕಾಗದದ ಸುತ್ತ ಒಂದು ಬೆರಳಿನಷ್ಟು ಪ್ಲಾಸ್ಟಿಕ್ ಉಳಿಸಿ ಕತ್ತರಿಸಿ ಅಂತ ಮೊದಲೇ ಹೇಳಬೇಕು.

ಬೇಸರದ ವಿಷಯಗಳೂ ಇವೆ. ಯೂನಿಫಾರ್ಮ್ ಜೇಬಿಗೆ ಹಿಡಿಸುವ ಹಾಗೆ ಸಣ್ಣದು ಮಾಡಿಸಿದರೆ ಅಕ್ಷರ ಮಸುಕಾಗುತ್ತದೆ. ಎ4ನ್ನು ಅರ್ಧ ಹಾಳೆಗೆ ಹಿಡಿಸಲು ಉದ್ದ ಅಗಲ 71 ಪರ್ಸೆಂಟ್‌ಗೆ ಇಳಿಸಿದರೆ ಸಾಕು, ಅಲ್ಲಿಗೆ ನಿಲ್ಲಿಸಿ. ಪೆನ್ಸಿಲ್‌ನಲ್ಲಿ ಬರೆದದ್ದು ಸರಿಯಾಗಿ ಬರುವುದಿಲ್ಲ, ಕಪ್ಪು ಪೆನ್ನೇ ಆಗಬೇಕು. ಸೀನಿಯರ್‌ಗಳ ನೋಟ್ಸನ್ನೂ ಬೈಂಡ್ ಮಾಡಿ ಮಾರುತ್ತಾರೆ. ಅದನ್ನು ಮಾತ್ರ ತಗೊಳ್ಳಬೇಡಿ. ಇನ್ನೊಬ್ಬರು ಬೇಡ ಅಂತ ಬಿಟ್ಟ ಸಾಲೇ ನಿಮಗೆ ಬೇಕಾದದ್ದು ಆಗಿರಬಹುದು. ಬರೆಯುವಾಗ ನಡೆಯುವ ಅರ್ಧ ಓದೂ ತಪ್ಪಿಹೋಗುತ್ತದೆ.

ಪರೀಕ್ಷೆ ಹತ್ತಿರ ಬಂದರೆ ಸಂಜೆ ಹೊತ್ತು ಕಾಲಿಡಲು ಜಾಗ ಇರುವುದಿಲ್ಲ, ಆಗ ಪಟ್ಟಿ ಇಡುವ ಕೆಲಸಕ್ಕೆ ಅವರಿಗೆ ಪುರುಸೊತ್ತೂ ಇಲ್ಲ. ಬೆಳಿಗ್ಗೆ ಅಂಗಡಿ ತೆಗೆಯುತ್ತಿದ್ದ ಹಾಗೇ ಹೋಗಿ, ಉತ್ತರದ ಭಾಗ ಯಾವುದು ಅಂತ ಪೆನ್ನಿನಲ್ಲಿ ಗುರುತು ಮಾಡಿಕೊಂಡೇ ಹೋಗಿ.