ಮೈಕ್ರೋಟಿಕ್ ಹೆಕ್ಸ್ ರೌಟರ್: ಆಫೀಸ್ ನೆಟ್‌ವರ್ಕ್ ಕಲಿಯೋರಿಗೆ ಎಷ್ಟು ಉಪಯೋಗ?

ಬಿಸಿಎ, ಡಿಪ್ಲೊಮಾ ಮುಗಿಸಿ ದಾವಣಗೆರೆಯಲ್ಲೇ ನೆಟ್‌ವರ್ಕ್ ಕೆಲಸ ಹಿಡಿಯಬೇಕು ಅನ್ನೋರಿಗೆ ನೆಟ್‌ವರ್ಕನ್ನು ಕಂಪ್ಯೂಟರ್‌ನಲ್ಲೇ ಕಟ್ಟಿ ನೋಡುವ ಪ್ಯಾಕೆಟ್ ಟ್ರೇಸರ್ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತೆ, ಸಿಸ್ಕೊ ಕಂಪನಿಯ ಸಿಸಿಎನ್‌ಎ ಪರೀಕ್ಷೆಯ ತಯಾರಿಗೆ ಅದು ಒಳ್ಳೆಯದೇ. ಆದರೆ ವಿದ್ಯಾನಗರದ ಒಂದು ನರ್ಸಿಂಗ್ ಹೋಂ, ಎಪಿಎಂಸಿ ಯಾರ್ಡಿನ ಒಂದು ಮಂಡಿ, ಊರಾಚೆಯ ಒಂದು ಅಕ್ಕಿ ಗಿರಣಿಯಲ್ಲಿ ಎದುರಾಗುವ ತಕರಾರು ಬೇರೆ: ಫೈಬರ್ ಕನೆಕ್ಷನ್‌ನ ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಇಂಟರ್ನೆಟ್‌ಗೆ ಲಾಗಿನ್ ಆಗುವ ವಿಧಾನ), ಕ್ಯಾಮೆರಾ ಮತ್ತು ಬಿಲ್ಲಿಂಗ್ ಒಂದೇ ವೈರಿನಲ್ಲಿ, ಗೆಸ್ಟ್ ವೈಫೈಯಿಂದ ಸರ್ವರ್‌ವರೆಗೆ ದಾರಿ ಬಿಟ್ಟಿರೋದು. ಇಂಥದ್ದನ್ನು ಕಲಿಯೋಕೆ ನಿಜವಾದ ಡಬ್ಬಿ ಬೇಕು. ಅಂಗೈ ಅಗಲದ ಮೈಕ್ರೋಟಿಕ್ ಹೆಕ್ಸ್ ಅದಕ್ಕೆ ಸರಿಯಾದ ಆಯ್ಕೆ. ಬುದ್ಧಿವಂತಿಕೆ ತೋರಿಸಿ ಏನನ್ನೂ ಮುಚ್ಚಿಡಲ್ಲ, ತಪ್ಪು ಮಾಡಿದರೆ ತಪ್ಪಾಗಿಯೇ ನಡೆಯುತ್ತೆ.

ಲಾಟ್ವಿಯಾದ ಕಂಪನಿ ಇದು, 1996ರಿಂದ ಇದೆ. ಸಾದಾ ಹೆಕ್ಸ್‌ನಲ್ಲಿ ಎರಡು ಮಾದರಿ ಇವೆ. ಹಳೆಯದು ಆರ್‌ಬಿ750ಜಿಆರ್3: 5 ಗಿಗಾಬಿಟ್ ಪೋರ್ಟ್, 880 ಮೆಗಾಹರ್ಟ್ಸ್‌ನ ಎರಡು ಕೋರ್, 256 ಎಂಬಿ ರ‍್ಯಾಮ್, ಬರೀ 16 ಎಂಬಿ ಫ್ಲಾಶ್. 2024ರಲ್ಲಿ ಬಂದ ಇ50ಯುಜಿಯಲ್ಲಿ 512 ಎಂಬಿ ರ‍್ಯಾಮ್, 128 ಎಂಬಿ ಸ್ಟೋರೇಜ್. ಹೊಸದಾಗಿ ಕೊಳ್ಳೋದಾದರೆ ಎರಡನೆಯದೇ ಸರಿ, ಯಾಕಂದ್ರೆ ಇದರ ಸಾಫ್ಟ್‌ವೇರ್ ರೌಟರ್‌ಒಎಸ್‌ನ 7ನೇ ಆವೃತ್ತಿ ಹಾಕಿದ ಮೇಲೆ 16 ಎಂಬಿಯಲ್ಲಿ ಜಾಗ ಉಳಿಯೋದೇ ಇಲ್ಲ, ಮುಂದಿನ ಅಪ್‌ಡೇಟ್ ಮಾಡುವಾಗ ಹಳೇ ಬ್ಯಾಕಪ್ ಫೈಲ್‌ಗಳನ್ನು ಹುಡುಕಿ ಅಳಿಸಬೇಕಾಗುತ್ತೆ. ದುಡ್ಡು ಹಾಕುವ ಮೊದಲು ಕೈ ಆಡಿಸಿ ನೋಡಬೇಕು ಅನ್ನೋರು ಸಿಎಚ್‌ಆರ್ ಅನ್ನೋ ರೌಟರ್‌ಒಎಸ್‌ನ ಉಚಿತ ಆವೃತ್ತಿಯನ್ನು ಕಂಪ್ಯೂಟರ್‌ನೊಳಗೆ ವರ್ಚುವಲ್‌ಬಾಕ್ಸ್‌ನಲ್ಲಿ ಓಡಿಸಬಹುದು. ಒಂದೊಂದು ಇಂಟರ್‌ಫೇಸ್‌ಗೆ 1 ಎಂಬಿಪಿಎಸ್ ಮಿತಿ ಇದೆ, ಕಲಿಯೋಕೆ ಅಷ್ಟು ಸಾಕು.

ಡಬ್ಬಿ ತೆರೆದ ಕೂಡಲೇ 1ನೇ ಪೋರ್ಟ್ ಇಂಟರ್ನೆಟ್‌ಗೆ, ಉಳಿದ ನಾಲ್ಕು ಒಂದೇ ಬ್ರಿಡ್ಜ್‌ನಲ್ಲಿ (ಅಂದ್ರೆ ಒಂದೇ ಸ್ವಿಚ್‌ನಂತೆ ಸೇರಿಕೊಂಡು), ರೌಟರ್‌ನ ವಿಳಾಸ 192.168.88.1. ಪಾಸ್‌ವರ್ಡ್ ಈಗಿನವುಗಳಲ್ಲಿ ಕೆಳಗಿನ ಸ್ಟಿಕರ್ ಮೇಲಿರುತ್ತೆ, ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ರೌಟರ್ ಸೆಟ್ಟಿಂಗ್ ಮಾಡುವ ಮೈಕ್ರೋಟಿಕ್‌ನ ವಿನ್‌ಬಾಕ್ಸ್ ಪ್ರೋಗ್ರಾಮ್‌ನಲ್ಲಿ ಐಪಿ ಇಲ್ಲದೆ ಮ್ಯಾಕ್ (ಪೋರ್ಟ್‌ನ ಹಾರ್ಡ್‌ವೇರ್) ವಿಳಾಸದ ಮೇಲೂ ಒಳಗೆ ಹೋಗಬಹುದು. ಐಪಿ ಎಡವಟ್ಟು ಮಾಡಿಕೊಂಡಾಗ ಇದರ ಬೆಲೆ ಗೊತ್ತಾಗುತ್ತೆ.

ಹೊಸಬರು ಮೊದಲು ಸಿಕ್ಕಿಬೀಳೋದು ಪಿಪಿಪಿಒಇಯಲ್ಲಿ. ಕೈಯಾರೆ ಹೊಸ ಪಿಪಿಪಿಒಇ ಕ್ಲೈಂಟ್ ಹಾಕಿದರೆ ಕನೆಕ್ಟ್ ಆಗುತ್ತೆ, ರೌಟರ್‌ನಿಂದ 8.8.8.8ಕ್ಕೆ ಪಿಂಗ್ ಹೋಗುತ್ತೆ, ಕಂಪ್ಯೂಟರ್‌ಗಳಲ್ಲಿ ಮಾತ್ರ ಏನೂ ತೆರೆಯಲ್ಲ. ಲೈನ್ ಸರಿಯಿಲ್ಲ ಅಂತ ಕಂಪ್ಲೇಂಟ್ ಕೊಡೋಕೆ ಹೋಗಬೇಡಿ. ಒಳಗಿನ ಕಂಪ್ಯೂಟರ್‌ಗಳನ್ನೆಲ್ಲ ಒಂದೇ ಹೊರಗಿನ ವಿಳಾಸದಲ್ಲಿ ಕಳಿಸೋದಕ್ಕೆ ಎನ್‌ಎಟಿ ಅಂತಾರೆ; ಅದನ್ನು ಮಾಡುವ, ಡಬ್ಬಿಯ ಜತೆ ಬಂದ ಮಾಸ್ಕರೇಡ್ ನಿಯಮ 'ವ್ಯಾನ್' (WAN, ಇಂಟರ್ನೆಟ್ ಕಡೆ) ಅನ್ನೋ ಇಂಟರ್‌ಫೇಸ್ ಪಟ್ಟಿಯನ್ನು ನೋಡಿ ಕೆಲಸ ಮಾಡುತ್ತೆ, ಆ ಪಟ್ಟಿಯಲ್ಲಿ 1ನೇ ಪೋರ್ಟ್ ಇರುತ್ತೆ, ನೀವು ಹಾಕಿದ ಪಿಪಿಪಿಒಇ ಇರಲ್ಲ. ಅದನ್ನೂ ಪಟ್ಟಿಗೆ ಸೇರಿಸಿದರೆ ಮುಗಿಯಿತು. ಕ್ವಿಕ್‌ಸೆಟ್ ಅನ್ನೋ ಒಂದೇ ಪುಟದ ಸುಲಭ ಸೆಟಪ್‌ನಿಂದ ಹಾಕಿದರೆ ಈ ರಗಳೆ ಬರಲ್ಲ, ಆದರೆ ಎನ್‌ಎಟಿ ಅಂದ್ರೇನು ಅಂತಾನೂ ತಿಳಿಯಲ್ಲ.

ಎರಡನೆಯದು ವಿ-ಲ್ಯಾನ್, ಅಂದ್ರೆ ಒಂದೇ ವೈರಿನಲ್ಲಿ ನಂಬರ್ ಕೊಟ್ಟು ಬೇರೆ ಬೇರೆ ನೆಟ್‌ವರ್ಕ್ ಮಾಡೋದು. ಇಲ್ಲಿ ಕ್ರಮ ತಪ್ಪಿದರೆ ನೀವೇ ರೌಟರ್‌ನಿಂದ ಹೊರಗೆ. ಮೊದಲು 5ನೇ ಪೋರ್ಟನ್ನು ಬ್ರಿಡ್ಜ್‌ನಿಂದ ತೆಗೆದು 192.168.99.1/24 ಕೊಟ್ಟು, ಒಳಗಿನ ಪೋರ್ಟ್‌ಗಳ 'ಲ್ಯಾನ್' (LAN) ಪಟ್ಟಿಗೆ ಸೇರಿಸಿ (ಸೇರಿಸದಿದ್ದರೆ ಫೈರ್‌ವಾಲ್ ನಿಮ್ಮನ್ನೇ ತಡೆಯುತ್ತೆ), ನಿಮ್ಮ ಲ್ಯಾಪ್‌ಟಾಪನ್ನು ಅಲ್ಲಿಗೆ ಹಚ್ಚಿ. ವಿನ್‌ಬಾಕ್ಸ್‌ನ ಸೇಫ್ ಮೋಡ್ ಒತ್ತಿ, ಕನೆಕ್ಷನ್ ಕಡಿದುಹೋದರೆ ಮಾಡಿದ್ದೆಲ್ಲ ತಾನಾಗಿ ಹಿಂದಕ್ಕೆ ಹೋಗುತ್ತೆ. ಆಮೇಲೆ ಆಫೀಸಿಗೆ 10, ಲ್ಯಾಬಿಗೆ 20, ಗೆಸ್ಟಿಗೆ 30, ಕ್ಯಾಮೆರಾಗೆ 40 ಅಂತ ವಿ-ಲ್ಯಾನ್ ಮಾಡಿ. ಬ್ರಿಡ್ಜ್‌ನ ವಿ-ಲ್ಯಾನ್ ಕೋಷ್ಟಕದಲ್ಲಿ ಸ್ವಿಚ್‌ಗೆ ಹೋಗುವ ಪೋರ್ಟ್ ಮಾತ್ರವಲ್ಲ, ಬ್ರಿಡ್ಜ್ ಅನ್ನೂ ಟ್ಯಾಗ್ಡ್ ಆಗಿ (ಪ್ಯಾಕೆಟ್ ಮೇಲೆ ವಿ-ಲ್ಯಾನ್ ನಂಬರ್ ಇರುವಂತೆ) ಸೇರಿಸಬೇಕು. ಬಹಳ ಜನ ಬಿಡೋದು ಇದನ್ನೇ, ಆಗ ರೌಟರ್‌ಗೂ ವಿ-ಲ್ಯಾನ್‌ಗೂ ಸಂಬಂಧ ಕಡಿಯುತ್ತೆ. ಪ್ರತಿ ವಿ-ಲ್ಯಾನ್‌ಗೆ ಐಪಿ, ತಾನಾಗಿ ಐಪಿ ಹಂಚುವ ಡಿಎಚ್‌ಸಿಪಿ ಸರ್ವರ್, ಪೋರ್ಟ್‌ಗಳಿಗೆ ಪಿವಿಐಡಿ (ಆ ಪೋರ್ಟ್ ಯಾವ ವಿ-ಲ್ಯಾನ್‌ಗೆ ಸೇರಿದ್ದು ಅನ್ನೋ ನಂಬರ್) ಎಲ್ಲ ಕೊಟ್ಟಾದ ಮೇಲೆ, ಕಟ್ಟಕಡೆಗೆ ವಿ-ಲ್ಯಾನ್ ಫಿಲ್ಟರಿಂಗ್ ಆನ್ ಮಾಡಿ. ಎಲ್ಲ ಸರಿ ಅನಿಸಿದರೆ ಸೇಫ್ ಮೋಡ್‌ನಿಂದ ಹೊರಬನ್ನಿ. ಮರೆತು ವಿನ್‌ಬಾಕ್ಸ್ ಮುಚ್ಚಿದರೆ ಮಾಡಿದ್ದೆಲ್ಲ ಹೋಯ್ತು.

ಇಷ್ಟಾದರೂ ಗೆಸ್ಟ್ ಮೊಬೈಲ್‌ನಿಂದ ಕ್ಯಾಮೆರಾದ ಡಿವಿಆರ್‌ಗೆ ಪಿಂಗ್ ಹೋಗುತ್ತೆ! ವಿ-ಲ್ಯಾನ್ ಹಾಕಿದ ಮಾತ್ರಕ್ಕೆ ಬೇಲಿ ಹಾಕಿದಂತೆ ಅಂದುಕೊಳ್ಳೋದು ತಪ್ಪು. ನಡುವೆ ರೌಟರ್ ಇರೋದರಿಂದ ಅದು ಒಂದರಿಂದ ಇನ್ನೊಂದಕ್ಕೆ ದಾರಿ ಮಾಡಿಕೊಡುತ್ತೆ, ಕಂಪನಿಯಿಂದ ಬಂದ ಫೈರ್‌ವಾಲ್ ಅದನ್ನು ತಡೆಯಲ್ಲ. ಫೈರ್‌ವಾಲ್‌ನ ಫಾರ್ವರ್ಡ್ ಚೈನ್‌ನಲ್ಲಿ (ರೌಟರ್ ಮೂಲಕ ದಾಟಿ ಹೋಗುವ ಟ್ರಾಫಿಕ್‌ನ ನಿಯಮಗಳು) 30ರಿಂದ 10, 20, 40ಕ್ಕೆ ಡ್ರಾಪ್ ನಿಯಮ ನೀವೇ ಹಾಕಬೇಕು. ಗೆಸ್ಟ್ ವಿ-ಲ್ಯಾನನ್ನು 'ಲ್ಯಾನ್' ಪಟ್ಟಿಗೆ ಸೇರಿಸಬೇಡಿ, ಆದರೆ ಇನ್‌ಪುಟ್‌ನಲ್ಲಿ (ರೌಟರ್‌ಗೇ ಬರುವ ಟ್ರಾಫಿಕ್) ಡ್ರಾಪ್ ನಿಯಮಕ್ಕಿಂತ ಮೇಲೆ ಗೆಸ್ಟ್‌ನಿಂದ 53ನೇ ಪೋರ್ಟ್‌ಗೆ (ವೆಬ್‌ಸೈಟ್ ಹೆಸರನ್ನು ಐಪಿಗೆ ಬದಲಿಸುವ ಡಿಎನ್‌ಎಸ್) ಅನುಮತಿ ಕೊಡಿ. ಇಲ್ಲದಿದ್ದರೆ ಐಪಿ ಸಿಗುತ್ತೆ, 8.8.8.8 ಪಿಂಗ್ ಆಗುತ್ತೆ, ಒಂದು ಪೇಜೂ ತೆರೆಯಲ್ಲ.

ಹಾಸ್ಟೆಲ್, ಲ್ಯಾಬ್‌ಗಳಲ್ಲಿ ಎಲ್ಲರೂ ಕೇಳೋದು ಸ್ಪೀಡ್ ಲಿಮಿಟ್. ಅದಕ್ಕೆ ಸಿಂಪಲ್ ಕ್ಯೂ ಹಾಕಿದ್ರೂ ಲಿಮಿಟ್ ಹಿಡಿತಿಲ್ಲ ಅಂದ್ರೆ ಟ್ರಾಫಿಕ್ಕನ್ನು ಅಡ್ಡದಾರಿಯಲ್ಲಿ ವೇಗವಾಗಿ ದಾಟಿಸುವ ಫಾಸ್ಟ್‌ಟ್ರ್ಯಾಕ್ ನಿಯಮ ಆನ್ ಇದೆ ಅಂತ ಲೆಕ್ಕ. ಅದರಲ್ಲಿ ಹೋಗುವ ಟ್ರಾಫಿಕ್ ಕ್ಯೂವನ್ನು ಮುಟ್ಟೋದೇ ಇಲ್ಲ. ಆಫ್ ಮಾಡಿದರೆ ಲಿಮಿಟ್ ಹಿಡಿಯುತ್ತೆ, ಸಿಪಿಯು ಮೇಲೆ ಹೊರೆ ಏರುತ್ತೆ. ಹಳೆ ಮಾದರಿಯಲ್ಲಿ ಇದು ಚೆನ್ನಾಗಿಯೇ ಗೊತ್ತಾಗುತ್ತೆ.

ಎರಡು ಇಂಟರ್ನೆಟ್ ಲೈನ್ ಇಟ್ಟುಕೊಂಡಿರೋರು ಬರೀ ಗೇಟ್‌ವೇ ಪಿಂಗ್ ನಂಬಬೇಡಿ, ಇಂಟರ್ನೆಟ್ ಕಂಪನಿಯ ಗೇಟ್‌ವೇ ಬದುಕಿದ್ದು ಅದರಾಚೆ ಸತ್ತಿರಬಹುದು. ಹೊರಗಿನ ಒಂದು ವಿಳಾಸದ ಮೇಲೆ ರಿಕರ್ಸಿವ್ ರೌಟ್ ಹಾಕಿ, ಅಂದ್ರೆ ಆ ವಿಳಾಸ ಸಿಗುತ್ತಿದ್ದರೆ ಮಾತ್ರ ಆ ಲೈನ್ ಬಳಸುವ ದಾರಿ. 7ನೇ ಆವೃತ್ತಿಯಲ್ಲಿ ಆ ವಿಳಾಸದ ರೌಟ್‌ಗೆ ಸ್ಕೋಪ್ 10, ಡಿಫಾಲ್ಟ್ ರೌಟ್‌ಗೆ ಟಾರ್ಗೆಟ್ ಸ್ಕೋಪ್ 11 ಕೊಡಬೇಕು. 6ನೇ ಆವೃತ್ತಿಯ ಯೂಟ್ಯೂಬ್ ವಿಡಿಯೋ ನೋಡಿ ಹಾಗೇ ನಕಲು ಮಾಡಿದರೆ ರೌಟ್ ಆಕ್ಟಿವ್ ಆಗಲ್ಲ.

ಕೊರತೆಗಳು: ವೈಫೈ ಇಲ್ಲ, ಆಕ್ಸೆಸ್ ಪಾಯಿಂಟ್ ಬೇರೆ ಕೊಳ್ಳಬೇಕು. ಕ್ಯಾಮೆರಾಗೆ ಕರೆಂಟ್ ಕೊಡಲ್ಲ, ಅದಕ್ಕೆ ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟ್ ಕಳಿಸುವ ಪಿಒಇ ಸ್ವಿಚ್ ಬೇಕು. ಕರೆಂಟ್ ಹೋದರೆ ಲಾಗ್ ಅಳಿಸಿಹೋಗುತ್ತೆ, ಹೊರಗಿನ ಸಿಸ್‌ಲಾಗ್‌ಗೆ (ಲಾಗ್ ಸಂಗ್ರಹಿಸುವ ಬೇರೆ ಕಂಪ್ಯೂಟರ್‌ಗೆ) ಕಳಿಸೋದು ಒಳ್ಳೆಯದು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಗಿರಣಿಯಿಂದ ಗೋಡೌನ್‌ಗೆ ಬಯಲಲ್ಲಿ ಎಳೆದ ತಾಮ್ರದ ಕೇಬಲ್ ಪೋರ್ಟ್‌ಗಳನ್ನು ಸುಡುತ್ತೆ, ಅದು ಯಾವ ರೌಟರ್ ಆದರೂ ಅಷ್ಟೇ. ಅಲ್ಲಿ ಫೈಬರ್ ಎಳೆದು ಎರಡು ತುದಿಗೂ ಮೀಡಿಯಾ ಕನ್ವರ್ಟರ್ ಹಾಕಿ.

ಬ್ಯಾಕಪ್ ಎರಡು ರೀತಿ ತೆಗೆಯಿರಿ. ಬ್ಯಾಕಪ್ ಫೈಲ್ ಅದೇ ಡಬ್ಬಿಗೆ ವಾಪಸ್ ಹಾಕೋಕೆ. ಎಕ್ಸ್‌ಪೋರ್ಟ್ ಓದೋಕೆ, ಬೇರೆ ಡಬ್ಬಿಗೆ ಸಾಗಿಸೋಕೆ. 7ನೇ ಆವೃತ್ತಿಯಲ್ಲಿ 'ಶೋ ಸೆನ್ಸಿಟಿವ್' ಸೇರಿಸದಿದ್ದರೆ ಎಕ್ಸ್‌ಪೋರ್ಟ್‌ನಲ್ಲಿ ಪಿಪಿಪಿಒಇ ಪಾಸ್‌ವರ್ಡ್ ಬರಲ್ಲ, ರಾತ್ರಿ ಹೊತ್ತು ರೌಟರ್ ಬದಲಿಸುವಾಗ ಪರದಾಡಬೇಕಾಗುತ್ತೆ.

ಅಭ್ಯಾಸಕ್ಕೆ ಮಾತ್ರ ಬೇಕು ಅಂದ್ರೆ ಸೆಕೆಂಡ್ ಹ್ಯಾಂಡ್ ಹಳೆ ಮಾದರಿಯೂ ನಡೆಯುತ್ತೆ. ಕೊಳ್ಳುವಾಗ ಐದೂ ಪೋರ್ಟ್‌ಗೆ ಕೇಬಲ್ ಹಾಕಿ ಲಿಂಕ್ ಲೈಟ್ ನೋಡಿ. ರಿಸೆಟ್ ಗುಂಡಿ ಒತ್ತಿ ಹಿಡಿದು ಕರೆಂಟ್ ಕೊಟ್ಟು, ಲೈಟ್ ಮಿನುಗಲು ಶುರುವಾದಾಗ ಬಿಡಿ. ಅದಕ್ಕಿಂತ ಹೆಚ್ಚು ಹೊತ್ತು ಹಿಡಿದರೆ ಬೇರೆ ಮೋಡ್‌ಗೆ ಹೋಗುತ್ತೆ, ಕೆಟ್ಟಿದೆ ಅಂದುಕೊಳ್ಳಬೇಡಿ. ಹಳೆ ಮಾದರಿ 8ರಿಂದ 30 ವೋಲ್ಟ್‌ವರೆಗೆ ತಗೊಳ್ಳುತ್ತೆ, ಅದರ ಜತೆ ಅಡಾಪ್ಟರ್ ಸಿಗದಿದ್ದರೆ ಪಿನ್ ಸರಿಹೊಂದುವ 12 ವೋಲ್ಟ್‌ನದ್ದೂ ಸಾಕು.